ಬಿಲ್ಲಿನ ಬೆನ್ನು ಉಳಿಸಿ, ಹುಡುಗರ ಕಣ್ಣೂ ಉಳಿಸಿ

ರಜೆ ಶುರುವಾದರೆ ಸಾಕು, ಬೇಲಿಯ ಬಿದಿರಿಗೆ ಗಂಡಾಂತರ. ಮಚ್ಚು ಬೀಳುತ್ತೆ, ಗಳ ಸೀಳುತ್ತೆ, ಸಂಜೆಯೊಳಗೆ ಓಣಿಗೊಬ್ಬ ಅರ್ಜುನ ತಯಾರು. ಮಾರನೇ ದಿನ ಆ ಬಿಲ್ಲು ‘ಲಟ್’ ಅಂತ ಮುರಿದು ಸಿಬಿರು ಮುಖಕ್ಕೇ ಹಾರುತ್ತೆ. ಕಣ್ಣು ಉಳಿದರೆ ಪುಣ್ಯ. ಮನೆಯವರು ತುಂಡನ್ನು ಒಲೆಗೆ ತುರುಕಿ ಬೈಯುತ್ತಾರೆ. ಬೈಯೋದು ಸರಿಯೇ. ಆದರೆ ಬಿಲ್ಲು ಯಾಕೆ ಮುರೀತು ಅಂತ ಹೇಳಿಕೊಡೋರು ಯಾರು ಸ್ವಾಮಿ?

ಹುಡುಗರ ಲೆಕ್ಕ ಒಂದೇ: ದಪ್ಪ ಇದ್ದರೆ ಗಟ್ಟಿ. ಎಡವಟ್ಟು ಆಗೋದೇ ಇಲ್ಲಿ. ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಅಗಲ ಎರಡರಷ್ಟಾದರೆ ಬಿಗಿ ಎರಡರಷ್ಟು. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು! ಜೊತೆಗೆ ದಪ್ಪವಾದಷ್ಟೂ ಬೆನ್ನಿನ ನಾರು ಹೆಚ್ಚು ಹಿಗ್ಗಬೇಕು, ತಡೆಯಲಾರದೆ ಹರಿಯುತ್ತದೆ. ಹಾಗಾಗಿ ಬಲ ಬೇಕಾದವನು ಬಿಲ್ಲನ್ನು ಉದ್ದ ಮಾಡಬೇಕು, ಅಗಲ ಮಾಡಬೇಕು. ಜನಕನ ಆಸ್ಥಾನದಲ್ಲಿ ಶಿವಧನುಸ್ಸೇ ಮುರಿಯಿತು, ಇನ್ನು ಬೇಲಿಯ ಬಿದಿರೇನು ಮಹಾ!

ಬೆನ್ನನ್ನು ಕಾಯುವ ವಿದ್ಯೆಗೆ ಅಮೆರಿಕದ ಇಶಿಯ ಕಥೆ ಕೇಳಬೇಕು. ಬಿಳಿಯರು ನಡೆಸಿದ ಹತ್ಯಾಕಾಂಡಗಳಲ್ಲಿ ಅವನ ಯಾಹಿ ಬುಡಕಟ್ಟೇ ನಾಶವಾಯಿತು. ಉಳಿದ ನಾಲ್ಕಾರು ಮಂದಿ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ದಶಕಗಟ್ಟಲೆ ಅಡಗಿ ಬದುಕಿದರು. ಬಂದೂಕಿನ ಸದ್ದಾದರೆ ಗುಟ್ಟು ರಟ್ಟು; ಸದ್ದಿಲ್ಲದ ಬಿಲ್ಲೇ ಅವರ ಅನ್ನ. 1911ರಲ್ಲಿ ಒಬ್ಬನೇ ಉಳಿದ ಇಶಿ ಹಸಿದು ಓರೊವಿಲ್ ಊರಿಗೆ ಬಂದ. ಸ್ಯಾಕ್ಸ್ಟನ್ ಪೋಪ್ ಎಂಬ ವೈದ್ಯ ಅವನ ಸ್ನೇಹ ಬೆಳೆಸಿ ಬಿಲ್ವಿದ್ಯೆ ಕಲಿತ, 1923ರಲ್ಲಿ ಪುಸ್ತಕವನ್ನೂ ಬರೆದ. ಇಶಿ ಮಾತ್ರ 1916ರಲ್ಲೇ ಕ್ಷಯದಿಂದ ತೀರಿಕೊಂಡಿದ್ದ.

ಅವನು ಮಾಡುತ್ತಿದ್ದುದೇನು? ಜುನಿಪರ್ ಮರದ ಬಿಲ್ಲಿನ ಬೆನ್ನನ್ನು ಉಜ್ಜಿ ಒರಟು ಮಾಡಿ, ಸಾಲ್ಮನ್ ಮೀನಿನ ಚರ್ಮ ಕುದಿಸಿದ ಅಂಟು ಸವರುತ್ತಿದ್ದ. ಜಿಂಕೆ ಕಾಲಿನ ನರವನ್ನು ಬಾಯಲ್ಲಿ ಅಗಿದು, ಎಳೆ ಬಿಡಿಸಿ, ಅದರ ಮೇಲೆ ಉದ್ದುದ್ದ ಅಂಟಿಸುತ್ತಿದ್ದ. ಆತುರವಿಲ್ಲ, ಚೆನ್ನಾಗಿ ಒಣಗಬೇಕು. ಒಣಗಿದ ನರ ಕುಗ್ಗಿ ಬೆನ್ನನ್ನು ಬಿಗಿಹಿಡಿಯುತ್ತದೆ. ಸಿಬಿರು ಏಳಲು ಜಾಗವೇ ಇಲ್ಲ. ಧ್ರುವಪ್ರದೇಶದ ಇನ್ಯೂಟರಿಗೆ ಒಳ್ಳೆ ಮರವೇ ಇಲ್ಲ; ನೀರಲ್ಲಿ ತೇಲಿಬಂದ ಕಟ್ಟಿಗೆಗೆ ನರದ ಹುರಿಯನ್ನು ಬೆನ್ನುದ್ದ ಬಿಗಿದೇ ಬೇಟೆಯಾಡಿದರು. ತುರ್ಕರ ಬಿಲ್ಲಿಗೆ ಬೆನ್ನಲ್ಲಿ ನರ, ಹೊಟ್ಟೆಗೆ ಕೊಂಬು. ನಮ್ಮ ಶಾರ್ಙ್ಗಪಾಣಿಯ ‘ಶಾರ್ಙ್ಗ’ ಅಂದರೂ ಕೊಂಬಿನದು ಅಂತಲೇ ಅರ್ಥ ಕಣ್ರೀ! ಆದರೆ ಇಂಥ ಅಂಟಿಗೆ ಮಳೆಗಾಲದ ತೇವ ಆಗಿಬರೋಲ್ಲ. ನಮ್ಮ ದೇಶದಲ್ಲಿ ಉಕ್ಕಿನ ಬಿಲ್ಲನ್ನೂ ಮಾಡಿದ್ದುಂಟು.

ಇಲ್ಲಿ ಜಿಂಕೆ ನರದ ಮಾತೇ ಬೇಡ. 1972ರ ವನ್ಯಜೀವಿ ಕಾಯಿದೆ ಇದೆ. ಬೇಟೆ ಅಂದರೆ ಜೈಲು. ನರದ ಬದಲಿಗೆ ಹಳೇ ರೇಷ್ಮೆ ಸೀರೆಯ ಪಟ್ಟಿ ಸಾಕು. ಬಡಗಿಯ ಮರವಜ್ರ ಇಲ್ಲವೇ ಫೆವಿಕಾಲ್ ಹಚ್ಚಿ, ಗುಳ್ಳೆ ಏಳದಂತೆ ಬೆನ್ನಿಗೆ ಅಂಟಿಸಿ ನೆರಳಲ್ಲಿ ಒಣಗಿಸಲಿ. ಇದರಿಂದ ಬಿಗಿ ಅಷ್ಟೇನೂ ಹೆಚ್ಚಲ್ಲ, ಸಿಬಿರು ಏಳೋದು ತಪ್ಪುತ್ತೆ. ಕಣ್ಣಿನ ಮಟ್ಟಿಗೆ ಬೇಕಾದ್ದು ಅದೇ ತಾನೆ?

ಬಿದಿರು ಮೂರು ವರ್ಷ ಬಲಿತದ್ದಿರಲಿ. ಹಸಿಯದು ಬಾಗಿದರೆ ಬಾಗಿದಂತೆಯೇ ನಿಲ್ಲುತ್ತದೆ. ಸಿಪ್ಪೆಯ ಕಡೆ ನಾರು ದಟ್ಟ, ಅದನ್ನು ಕೆರೆಯದೆ ಬೆನ್ನಾಗಿಸಿ, ಒಳಮೈಯನ್ನಷ್ಟೇ ಹದವಾಗಿ ಕೆರೆಯಬೇಕು. ನಾಲ್ಕು ಸಲ ಕೆರೆದು ಒಮ್ಮೆ ಮೆಲ್ಲಗೆ ಬಗ್ಗಿಸಿ ನೋಡಬೇಕು. ಎರಡು ಕೈಯೂ ಒಂದೇ ಸಮ ಬಾಗದಿದ್ದರೆ ಬಿಗಿಯಾದ ಕಡೆ ಇನ್ನಷ್ಟು ಕೆರೆಯಬೇಕು. ಮೊದಲ ದಿನವೇ ಕಿವಿಯವರೆಗೆ ಎಳೆದವನ ಬಿಲ್ಲು ಒಲೆಗೇ ಸರಿ.

ಬಿದಿರ ಬಿಲ್ಲು ಅಂತ ಹಗುರ ಮಾಡಬೇಡಿ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರ ಬಿಲ್ಲಿನಿಂದ ಶುರುಮಾಡಿ 1988ರ ಸೋಲ್ ಒಲಿಂಪಿಕ್ಸಿಗೆ ಹೋದ. ಬಿದಿರ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಸ್ಪರ್ಧೆ ಇದೆ; 30 ಮತ್ತು 50 ಮೀಟರ್ ದೂರದ ಗುರಿ.

ಗುರಿಗೆ ಹುಲ್ಲಿನ ಮೂಟೆ ಇರಲಿ, ಅದರ ಹಿಂದೆ ಜನ ಓಡಾಡುವ ದಾರಿ ಇರಬಾರದು. ಆಟ ಮುಗಿದ ಮೇಲೆ ಹೆದೆ ಇಳಿಸಿಡಬೇಕು. ಬಾಣ ಹೂಡದೆ ಬರೀ ಹೆದೆ ಎಳೆದು ‘ಠಣ್’ ಅನ್ನಿಸೋದಂತೂ ಖಂಡಿತ ಬೇಡ. ಬಾಣದ ಜೊತೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸು ಬಡಿಯುತ್ತದೆ. ರೇಷ್ಮೆ ಅಂಟಿಸಿದ್ದರೂ ಆಗ ಅದು ಸೀಳುತ್ತೆ.