ಗಡಿಯಾರದ ಮುಳ್ಳೂ ಸೂರ್ಯನ ಉದಯವೂ

1974ನೆಯ ಇಸವಿಯ ಜನವರಿ 7ನೆಯ ತಾರೀಖು, ಸೋಮವಾರ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸೂರ್ಯನು ಮೂಡಿದಾಗ ಗಡಿಯಾರಗಳು ಬೆಳಗಿನ 9 ಗಂಟೆಯನ್ನು ತೋರಿಸುತ್ತಿದ್ದವು. ಹಿಂದಿನ ದಿನವಷ್ಟೆ, ಚಳಿಗಾಲದ ನಡುವೆಯೇ, ಹೆಚ್ಚುಕಡಮೆ ದೇಶವೆಲ್ಲವೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಿತು.

ಬೇಸಗೆಯಲ್ಲಿ ಹೀಗೆ ಮಾಡಿ ಸಂಜೆಯ ಬೆಳಕನ್ನು ಹೆಚ್ಚಿಸಿಕೊಳ್ಳುವ ಪದ್ಧತಿಗೆ ‘ಡೇಲೈಟ್ ಸೇವಿಂಗ್ ಟೈಮ್’, ಎಂದರೆ ಹಗಲು ಉಳಿತಾಯದ ವೇಳೆ, ಎಂದು ಹೆಸರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ರಫ್ತನ್ನು ತಡೆದಾಗ, ಇಂಧನದ ಮಿತವ್ಯಯಕ್ಕಾಗಿ ಅದನ್ನು ವರ್ಷವಿಡೀ ನಡೆಸುವ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಡಿಸೆಂಬರಿನಲ್ಲಿ ನೂರಕ್ಕೆ 79 ಮಂದಿ ಅದನ್ನು ಮೆಚ್ಚಿದ್ದರು. ಆದರೆ ಮಕ್ಕಳು ಕತ್ತಲೆಯಲ್ಲಿ ಶಾಲೆಗೆ ಹೊರಡಬೇಕಾಯಿತು. ಫ್ಲಾರಿಡಾದಲ್ಲಿ ಕೆಲವು ಮಕ್ಕಳು ಮುಂಜಾವಿನ ರಸ್ತೆಯಲ್ಲಿ ವಾಹನಗಳಿಗೆ ಸಿಕ್ಕಿ ಮೃತರಾದರು. ಫೆಬ್ರವರಿಯ ವೇಳೆಗೆ ಮೆಚ್ಚುವವರು 42ಕ್ಕೆ ಇಳಿದರು. ಎರಡು ವರ್ಷದ ಪ್ರಯೋಗವೆಂದು ಹೊರಟದ್ದು ಅದೇ ಅಕ್ಟೋಬರಿನಲ್ಲಿ ಮೊಟಕಾಯಿತು.

ಅದೇ ಪ್ರಶ್ನೆ ಈಗ ಮರಳಿ ತಲೆಯೆತ್ತಿದೆ. 1966ರ ಶಾಸನದಂತೆ ಯಾವುದೇ ಸಂಸ್ಥಾನವು ಬೇಸಗೆಯ ಬದಲಾವಣೆಯನ್ನು ಬಿಡಬಹುದು. ಹವಾಯಿಯೂ ಅರಿಜೋನಾದ ಬಹುಭಾಗವೂ ಬಿಟ್ಟಿವೆ. ಆದರೆ ಮುಂದಿಟ್ಟ ಗಡಿಯಾರವನ್ನು ವರ್ಷವಿಡೀ ಹಾಗೆಯೇ ಇರಿಸಿಕೊಳ್ಳಲು ಕಾಂಗ್ರೆಸ್ಸಿನ ಅಪ್ಪಣೆ ಬೇಕು. 2018ರಲ್ಲಿ ಫ್ಲಾರಿಡಾ ಅದಕ್ಕೆ ಸಿದ್ಧವೆಂದು ಶಾಸನ ಮಾಡಿತು. ಬೇರೆ ಹಲವು ಸಂಸ್ಥಾನಗಳು ಅದನ್ನು ಅನುಸರಿಸಿದವು. 2022ರ ಮಾರ್ಚಿಯಲ್ಲಿ ಸೆನೆಟ್ ಸಭೆ ಅನುಮೋದಿಸಿದ ಮಸೂದೆಯು ಕೆಳಮನೆಯಲ್ಲಿ ಮತಕ್ಕೆ ಬಾರದೆ ಬಿದ್ದುಹೋಯಿತು.

ಈ ವಿವಾದದ ತಿರುಳು ಭೂಮಿಯ ಆವರ್ತನೆಯಲ್ಲಿದೆ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದಷ್ಟೆ; ಆದುದರಿಂದ ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಸೂರ್ಯನು 4 ಮಿನಿಟು ತಡವಾಗಿ ಬರುತ್ತಾನೆ. ಬೆಂಗಳೂರು ಭಾರತದ ಪ್ರಮಾಣ ರೇಖೆಗೆ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿದೆ; ಇಲ್ಲಿ ಕೋಲಿನ ನೆರಳು ಅತ್ಯಂತ ಗಿಡ್ಡವಾಗುವುದು 12ಕ್ಕಲ್ಲ, ಸರಾಸರಿ 12-20ಕ್ಕೆ. (ಅಂಗಳದಲ್ಲಿ ಕೋಲು ನೆಟ್ಟು ವಾಚಕರೇ ಪರೀಕ್ಷಿಸಬಹುದು.) ಅಮೆರಿಕದ ಪೂರ್ವ ವಲಯದ ಪ್ರಮಾಣ ರೇಖೆ ಪಶ್ಚಿಮ 75 ಡಿಗ್ರಿ. ಬಾಸ್ಟನ್ 71ರಲ್ಲಿದೆ, ಡೆಟ್ರಾಯಿಟ್ 83ರಲ್ಲಿ. ಎರಡರ ಅಕ್ಷಾಂಶವೂ 42. ಡಿಸೆಂಬರಿನಲ್ಲಿ ಎರಡಕ್ಕೂ ದೊರೆಯುವ ಹಗಲು ಒಂಬತ್ತು ಗಂಟೆಗೆ ತುಸು ಹೆಚ್ಚು. ಗಡಿಯಾರವೂ ಒಂದೇ. ಆದರೂ ಉದಯಗಳ ನಡುವೆ 48 ಮಿನಿಟುಗಳ ಅಂತರ!

ಡಿಸೆಂಬರ್ 21ರಂದು ಬಾಸ್ಟನ್ನಿನಲ್ಲಿ ಸೂರ್ಯೋದಯ ಸುಮಾರು 7-10ಕ್ಕೆ, ಅಸ್ತಮಾನ 4-15ಕ್ಕೆ. ನಾಲ್ಕೂಕಾಲಿಗೆ ಕತ್ತಲಾಗುವ ಊರಿನವರು ಗಡಿಯಾರವನ್ನು ಮುಂದಿಡೋಣವೆಂದರೆ ಅವರನ್ನು ದೂರುವಂತಿಲ್ಲ. ವರ್ಷವಿಡೀ ಪ್ರಮಾಣ ವೇಳೆಯೇ ಇರಲೆಂದರೆ ಜೂನ್ ತಿಂಗಳಿನಲ್ಲಿ ಅವರಿಗೆ ನಸುಕಿನ 4-07ಕ್ಕೇ ಸೂರ್ಯನ ದರ್ಶನ. ಡೆಟ್ರಾಯಿಟ್ಟಿನ ಕಥೆ ಬೇರೆ. 1915ರಲ್ಲಿ ಮಧ್ಯ ವಲಯವನ್ನು ಬಿಟ್ಟು ಪೂರ್ವ ವಲಯವನ್ನು ಸೇರಿದ ಈ ನಗರವು ಈಗಾಗಲೇ ಸೂರ್ಯನಿಗಿಂತ ಅರ್ಧ ಗಂಟೆ ಮುಂದಿದೆ. ಇನ್ನೂ ಒಂದು ಗಂಟೆ ಸೇರಿದರೆ ಅಲ್ಲಿ ನಡುಹಗಲು ಒಂದೂವರೆಗೆ.

ಶರೀರದೊಳಗಿನ ಗಡಿಯಾರವನ್ನು ಪ್ರತಿದಿನ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಈ ಕಾರಣದಿಂದಲೇ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2020ರಲ್ಲಿ, ವರ್ಷವಿಡೀ ಒಂದೇ ವೇಳೆ ಬೇಕಾದರೆ ಅದು ಪ್ರಮಾಣ ವೇಳೆಯಾಗಿರಲಿ ಎಂದಿತು. ವಲಯದ ಪಶ್ಚಿಮ ಅಂಚಿನ ಸಂಸ್ಥಾನಗಳ ಮಟ್ಟಿಗೆ ನಾವೂ ಇದನ್ನೇ ಹೇಳುತ್ತೇವೆ. ಪೂರ್ವದ ಅಂಚಿನವರಿಗೆ ಬೇರೆ ದಾರಿ ಉಂಟು: ಅಟ್ಲಾಂಟಿಕ್ ವಲಯಕ್ಕೆ ಸೇರುವುದು. ಮ್ಯಾಸಚೂಸೆಟ್ಸ್ ನೇಮಿಸಿದ ಸಮಿತಿಯು 2017ರಲ್ಲಿ, ಕೆಲವು ನಿಬಂಧನೆಗಳೊಡನೆ, ಇದನ್ನೇ ಸೂಚಿಸಿತು. ಇಡೀ ದೇಶಕ್ಕೆ ಒಂದೇ ಅಳತೆಯ ಅಂಗಿಯನ್ನು ಹೊಲಿಸುವುದಕ್ಕಿಂತ ಇದು ಮೇಲು.

ಗಡಿಯಾರವನ್ನು ಮುಟ್ಟದೆ ವೇಳಾಪಟ್ಟಿಯನ್ನೇ ಬದಲಿಸುವ ಉಪಾಯವೂ ಉಂಟು. ಸೆಕೆಯ ಕಾರಣದಿಂದ ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1-30ರ ವರೆಗೆ ನಡೆಸಿರುವುದನ್ನು ನಾವು ಬಲ್ಲೆವು. 1974ರ ಅಮೆರಿಕದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಕ್ರಮ ನಡೆಯಿತು. ಕತ್ತಲೆಗೆ ಹೆದರಿ ಎಷ್ಟೋ ಶಾಲೆಗಳು ಗಂಟೆ ಬಾರಿಸುವುದನ್ನು ತಡಮಾಡಿದವು. ಶಾಸನವು ಮುಂದಕ್ಕೆ ತಳ್ಳಿದ್ದ ಗಂಟೆಯನ್ನು ಮುಖ್ಯೋಪಾಧ್ಯಾಯರು ಹಿಂದಕ್ಕೆ ಎಳೆದುಕೊಂಡರು.