ಬಾಲ್ಯದಲ್ಲಿ ಸ್ನಾಯುವಿನ ಸಾಮರ್ಥ್ಯ

ಬಲವನ್ನು ವೇಗದಿಂದ ಗುಣಿಸಿದಾಗ ದೊರೆಯುವ ಪ್ರಮಾಣಕ್ಕೆ ಭೌತವಿಜ್ಞಾನದಲ್ಲಿ ಸಾಮರ್ಥ್ಯವೆಂದು ಹೆಸರು. ಸ್ನಾಯುವಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಭಾರವನ್ನು ನಿಧಾನವಾಗಿ ಎತ್ತಲು ಬಲವಿದ್ದರೆ ಸಾಕು, ಆದರೆ ನಿಂತಲ್ಲಿಂದ ಜಿಗಿಯಲು ಅಥವಾ ಕಬಡ್ಡಿಯಲ್ಲಿ ಎದುರಾಳಿಯ ಹಿಡಿತದಿಂದ ಥಟ್ಟನೆ ಬಿಡಿಸಿಕೊಳ್ಳಲು ಆ ಬಲವು ಕ್ಷಣಾರ್ಧದಲ್ಲಿ ಒದಗಬೇಕು. ಬಾಲ್ಯದಲ್ಲಿ ಈ ಸಾಮರ್ಥ್ಯವು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆಯಾದರೂ, ಆ ಏರಿಕೆಯನ್ನು ಮೈಯ ಬೆಳವಣಿಗೆಯೊಂದರಿಂದಲೇ ವಿವರಿಸಲಾಗದು.

ನವಜಾತ ಶಿಶುವಿನ ತೂಕದಲ್ಲಿ ಸುಮಾರು ಕಾಲುಭಾಗದಷ್ಟಿರುವ ಸ್ನಾಯುವಿನ ಪಾಲು ವಯಸ್ಕ ಪುರುಷನಲ್ಲಿ ಶೇಕಡಾ 40ನ್ನು ಮುಟ್ಟುತ್ತದೆ. ಸ್ನಾಯುತಂತುಗಳ ಸಂಖ್ಯೆಯು ಜನನದ ಹೊತ್ತಿಗೇ ಬಹುಮಟ್ಟಿಗೆ ನಿರ್ಧಾರವಾಗಿರುವುದರಿಂದ, ಮುಂದಿನ ಬೆಳವಣಿಗೆಯೆಂದರೆ ಇರುವ ತಂತುಗಳೇ ದಪ್ಪವಾಗುವುದು ಮತ್ತು ಮೂಳೆಗಳು ನೀಳವಾದಂತೆ ತಾವೂ ಉದ್ದವಾಗುವುದು.

1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪುಗೊಂಡ ಪರೀಕ್ಷೆಯೊಂದರಲ್ಲಿ, ನಿಗದಿತ ತಡೆಯಿರುವ ಸ್ಥಿರ ಸೈಕಲ್ಲನ್ನು 30 ಸೆಕೆಂಡುಗಳ ಕಾಲ ಸರ್ವಪ್ರಯತ್ನದಿಂದ ತುಳಿಸಿ, ಹೊಮ್ಮಿದ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. ಹೀಗೆ ಅಳೆದದ್ದನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ ಹಂಚಿ ನೋಡಿದರೂ ಮಕ್ಕಳು ವಯಸ್ಕರಿಗಿಂತ ಹಿಂದೆಯೇ ಉಳಿಯುತ್ತಾರೆ. ಆಮ್ಲಜನಕವನ್ನು ಬಳಸಿ ದೀರ್ಘಕಾಲ ದುಡಿಯುವ ಕ್ಷಮತೆಯಲ್ಲಿ ಮಾತ್ರ, ಅದೇ ರೀತಿ ಹಂಚಿ ನೋಡಿದಾಗ, ಅವರು ದೊಡ್ಡವರಿಗೆ ಬಹಳ ಕಡಿಮೆಯೇನಲ್ಲ. ಈ ವ್ಯತ್ಯಾಸದ ಒಂದು ಕಾರಣ ನರಮಂಡಲದಲ್ಲಿದೆ. ಒಂದು ನರಕೋಶ ಮತ್ತು ಅದರ ಆಜ್ಞೆಗೆ ಒಳಪಟ್ಟ ತಂತುಗಳು ಸೇರಿ ಒಂದು ಚಾಲಕ ಘಟಕವಾಗುತ್ತದೆ. ಇಂಥ ಘಟಕಗಳನ್ನು, ಅದರಲ್ಲೂ ವೇಗವಾಗಿ ಸಂಕುಚಿಸುವ ತಂತುಗಳುಳ್ಳವನ್ನು, ಏಕಕಾಲಕ್ಕೆ ಕಾರ್ಯಕ್ಕಿಳಿಸುವುದು ಮಕ್ಕಳಿಗೆ ಪೂರ್ಣವಾಗಿ ಸಾಧ್ಯವಾಗದು. ಮತ್ತೊಂದು ಕಾರಣ ರಾಸಾಯನಿಕವಾದದ್ದು: ಆಮ್ಲಜನಕದ ನೆರವಿಲ್ಲದೆ ಗ್ಲೂಕೋಸನ್ನು ಒಡೆದು ತಕ್ಷಣ ಶಕ್ತಿ ಪಡೆಯುವ ಕ್ರಿಯೆ ಎಳೆಯ ಸ್ನಾಯುವಿನಲ್ಲಿ ಮಂದವಾಗಿರುವಂತೆ ಕಾಣುತ್ತದೆ. ಇದರಿಂದ ಆ ಕ್ರಿಯೆಯಲ್ಲಿ ಉಂಟಾಗುವ ಲ್ಯಾಕ್ಟೇಟ್ ಕಡಿಮೆ ಸಂಗ್ರಹವಾಗುತ್ತದೆ, ಓಡಿ ದಣಿದ ಮಗು ಬಹುಬೇಗ ಮತ್ತೆ ಓಡಲು ಸಿದ್ಧವಾಗುತ್ತದೆ. ಆದ್ದರಿಂದ ಇದನ್ನು ಕೊರತೆಯೆಂದು ಕರೆಯುವುದು ಅಷ್ಟೇನೂ ಸರಿಯಲ್ಲ.

ಹರೆಯಕ್ಕೆ ಮುನ್ನ ಹುಡುಗ ಹುಡುಗಿಯರ ನಡುವಿನ ಅಂತರ ಅಲ್ಪ. ಎತ್ತರವು ಅತಿವೇಗದಲ್ಲಿ ಹೆಚ್ಚುವ ಹಂತವು ಹುಡುಗಿಯರಿಗೆ ಸುಮಾರು 12ರಲ್ಲಿಯೂ ಹುಡುಗರಿಗೆ ಸುಮಾರು 14ರಲ್ಲಿಯೂ ಬರುತ್ತದೆ, ಮತ್ತು ಟೆಸ್ಟೋಸ್ಟೆರಾನ್ ಹಾರ್ಮೋನಿನ ಪ್ರಭಾವದಿಂದ ಹುಡುಗರ ಸ್ನಾಯು ಒಮ್ಮೆಲೇ ದಪ್ಪವಾಗತೊಡಗುತ್ತದೆ. ಬಲದ ಏರಿಕೆಯು ಎತ್ತರದ ಏರಿಕೆಗಿಂತ ಕೆಲವು ತಿಂಗಳು ಹಿಂದೆ ಬೀಳುವುದರಿಂದ, ಉದ್ದಕ್ಕೆ ಬೆಳೆದ ಹುಡುಗನಲ್ಲಿ ಅದಕ್ಕೆ ತಕ್ಕ ಕಸುವು ಕೂಡಲೇ ಕಾಣದಿರುವುದು ಸಹಜ. ಹರೆಯವು ಎಲ್ಲರಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ: ಒಂದೇ ತರಗತಿಯ 13 ವರ್ಷದ ಇಬ್ಬರಲ್ಲಿ ಒಬ್ಬನು ಹರೆಯವನ್ನು ಬಹುಪಾಲು ದಾಟಿದ್ದು ಇನ್ನೊಬ್ಬನು ಅದನ್ನು ಪ್ರವೇಶಿಸದೆಯೇ ಇರಬಹುದಾದ್ದರಿಂದ, ಜನ್ಮದಿನಾಂಕವನ್ನಷ್ಟೇ ನೋಡಿ ಶಾಲಾ ತಂಡಕ್ಕೆ ಆಯ್ಕೆ ಮಾಡುವ ಪದ್ಧತಿಯು ತಡವಾಗಿ ಬೆಳೆಯುವ ಮಕ್ಕಳಿಗೆ ಅನ್ಯಾಯವೆಸಗುತ್ತದೆ. ಅಂಥ ಮಕ್ಕಳಿಗೂ ತರಬೇತಿ ವ್ಯರ್ಥವಲ್ಲ: ತಿಳಿದವರ ಮೇಲ್ವಿಚಾರಣೆಯಲ್ಲಿ ನಡೆಸಿದ ವ್ಯಾಯಾಮದಿಂದ ಹರೆಯಕ್ಕೆ ಮುಂಚೆಯೂ ಬಲ ಹೆಚ್ಚುತ್ತದೆ, ಮತ್ತು ಆ ಹೆಚ್ಚಳವು ಸ್ನಾಯು ಉಬ್ಬುವುದಕ್ಕಿಂತ ಮಿಗಿಲಾಗಿ, ನರಗಳು ಅದನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ ಬರುತ್ತದೆ.