ಡಿಸ್ಕ್ ದೊಡ್ಡದಾದರೆ ಸಾಕೇ?

ಮಗ್ರಿಬ್‌ಗೆ ಮುಂಚಿನ ಒಂದು ಗಂಟೆ ಎಂದರೆ ನಮಗೆ ಅಡುಗೆಮನೆಯ ಸಮಯ. ರಮಝಾನ್‌ನಲ್ಲಂತೂ ಟಿ.ವಿ.ಯಲ್ಲಿ ಒಳ್ಳೆಯ ಪ್ರವಚನ ಬರುವುದೂ ಆಗಲೇ, ಒಲೆಯ ಮೇಲೆ ಗಂಜಿ ಉಕ್ಕುವುದೂ ಆಗಲೇ. ಆದ್ದರಿಂದ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಟ್ಟು ಬಿಡುವಿನಲ್ಲಿ ನೋಡುವ ಸೌಲಭ್ಯ ಬಂದಾಗ ಮನೆಯ ಹೆಂಗಸರು ಖುಷಿಪಟ್ಟದ್ದು ಸಹಜ. ಅಮೆರಿಕದಲ್ಲಿ 1999ರಲ್ಲೇ ಟಿವೋ ಎಂಬ ಯಂತ್ರ ಮಾರುಕಟ್ಟೆಗೆ ಬಂದಿತ್ತು. ಅದರ ಚಿಕ್ಕ ಮಾದರಿಯಲ್ಲಿ 14 ಗಂಟೆಗಳಷ್ಟು ಕಾರ್ಯಕ್ರಮ ಹಿಡಿಸುತ್ತಿತ್ತು. ನಮ್ಮ ದೇಶದಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂತು. ಅನಂತರ ಯುಎಸ್‌ಬಿ ಕಿಂಡಿಗೆ ಹೊರಗಿನ ಡಿಸ್ಕ್ ಜೋಡಿಸಿ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್‌ಗಳೂ ಬಂದವು.

ನನ್ನ ನಾದಿನಿಯ ಮನೆಯಲ್ಲೂ ಅಂಥದೊಂದು ಬಾಕ್ಸ್ ಇತ್ತು. ಸಿಕ್ಕಿಸಿದ್ದ ಪೆನ್ ಡ್ರೈವ್ ಒಂದೇ ವಾರದಲ್ಲಿ ತುಂಬಿತು. "ಹೊಸದಕ್ಕೆ ದುಡ್ಡು ಯಾಕೆ? ಕಪಾಟಿನಲ್ಲಿರುವ ಹಾರ್ಡ್ ಡಿಸ್ಕನ್ನೇ ಹಾಕಿ" ಎಂದು ಸಲಹೆ ಕೊಟ್ಟವಳು ನಾನೇ. ಅವಳ ಮಗ ಡಿಸ್ಕ್ ಜೋಡಿಸಿದ. 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಪರದೆ ಕೇಳಿತು. ಹುಡುಗ ಹೌದೆಂದು ಒತ್ತಿದ. ಎರಡು ದಿನ ರೆಕಾರ್ಡಿಂಗ್ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ನಾದಿನಿಗೆ ನೆನಪಾಯಿತು, ಅದರಲ್ಲಿ ತನ್ನ ನಿಕಾಹ್‌ನ ವೀಡಿಯೋ ಇತ್ತೆಂದು. ನಿಕಾಹ್ ಮುಗಿದ ಮೇಲೆ ಮರ್‌ಹೂಂ ಮಾವ ಕೈಯೆತ್ತಿ ದುಆ ಮಾಡಿದ ದೃಶ್ಯ ಅದರಲ್ಲಿತ್ತು. ಅವರ ಧ್ವನಿ ನಮಗೆ ಉಳಿದಿದ್ದುದು ಅದೊಂದರಲ್ಲೇ.

ಕಂಪ್ಯೂಟರ್ ರಿಪೇರಿಯವರು ಕೆಲವು ಫೋಟೋಗಳನ್ನು ಮರಳಿ ತೆಗೆದುಕೊಟ್ಟರು. ವೀಡಿಯೋ ಸಿಗಲಿಲ್ಲ. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಪುಸ್ತಕದ ಪರಿವಿಡಿಯಂಥ ಭಾಗ ಮಾತ್ರ. ಕೂಡಲೇ ಬಳಕೆ ನಿಲ್ಲಿಸಿದರೆ ಒಳಗಿನದ್ದು ಸಿಗುವ ಸಾಧ್ಯತೆ ಇದೆ. ಅದರ ಮೇಲೆ ಹೊಸದು ಬರೆಯಲ್ಪಟ್ಟರೆ ಮಾತ್ರ ಹಳೆಯದು ಹೋದಂತೆಯೇ. "ಹೋಗಲಿ ಬಿಡಿ ಅತ್ತಿಗೆ" ಎಂದಳು ನಾದಿನಿ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ಸಹೋದರಿಯರೇ, ರೆಕಾರ್ಡಿಂಗ್‌ಗೆಂದು ಬೇರೆಯೇ ಡಿಸ್ಕ್ ಇಟ್ಟುಕೊಳ್ಳಿ. ಕೊಳ್ಳುವ ಮೊದಲು ಬಾಕ್ಸ್‌ನ ಕೈಪಿಡಿ ನೋಡಿ. ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಎಲ್ಲ ಬಾಕ್ಸ್‌ಗಳೂ ರೆಕಾರ್ಡ್ ಮಾಡುವುದಿಲ್ಲ. ಎಷ್ಟು ದೊಡ್ಡ ಡಿಸ್ಕನ್ನು ಅದು ಒಪ್ಪುತ್ತದೆ ಎಂಬುದೂ ಅಲ್ಲೇ ಇರುತ್ತದೆ. ಲೆಕ್ಕ ಸುಲಭ. ಸಾಧಾರಣ ಚಾನೆಲ್‌ನ ಒಂದು ಗಂಟೆಗೆ ಸುಮಾರು 1ರಿಂದ 2 ಜಿಬಿ ಬೇಕು, ಎಚ್‌ಡಿ ಚಾನೆಲ್‌ಗೆ 3ರಿಂದ 4 ಜಿಬಿ. ಅಂದರೆ 500 ಜಿಬಿಯಲ್ಲಿ ಎಚ್‌ಡಿ ಕಾರ್ಯಕ್ರಮ ನೂರಿಪ್ಪತ್ತು ಗಂಟೆಗೂ ಹೆಚ್ಚು ಹಿಡಿಸುತ್ತದೆ. 1 ಟಿಬಿ ಎಂದು ಕೊಂಡದ್ದು ಕಂಪ್ಯೂಟರ್‌ನಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವನು ಮೋಸ ಮಾಡಿದ ಎಂದುಕೊಳ್ಳಬೇಡಿ. ಎಣಿಸುವ ರೀತಿ ಬೇರೆ, ಅಷ್ಟೇ.

ದೊಡ್ಡ ಗಾತ್ರದ ಡಿಸ್ಕ್‌ಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಚಿಕ್ಕದಕ್ಕೂ ಕೆಲವೊಮ್ಮೆ ಬಾಕ್ಸ್ ಕೊಡುವ ವಿದ್ಯುತ್ ಸಾಲದೆ ರೆಕಾರ್ಡಿಂಗ್ ನಡುವೆಯೇ ನಿಲ್ಲುತ್ತದೆ. ರೆಕಾರ್ಡಿಂಗ್ ನಡೆಯುತ್ತಿರುವಾಗ ಡಿಸ್ಕನ್ನು ಕೀಳಬಾರದು. ಬಾಕ್ಸ್ ಆಫ್ ಮಾಡಿಯೇ ತೆಗೆಯಬೇಕು. ಬಿಸಿಯಾದ ಬಾಕ್ಸ್‌ನ ಮೇಲೆ ಇಡದೆ, ಗಾಳಿಯಾಡುವ ಜಾಗದಲ್ಲಿಡಿ.

ಇನ್ನೊಂದು ಮುಖ್ಯ ಸಂಗತಿ ಇದೆ. ಡಿಟಿಎಚ್ ಬಾಕ್ಸ್‌ನ ರೆಕಾರ್ಡಿಂಗ್ ಸಾಮಾನ್ಯವಾಗಿ ಬೀಗ ಹಾಕಿದಂತೆ ಆ ಬಾಕ್ಸ್‌ಗೇ ಕಟ್ಟಿಕೊಂಡಿರುತ್ತದೆ. ಕಂಪ್ಯೂಟರ್‌ನಲ್ಲಿ ಅದು ತೆರೆಯುವುದಿಲ್ಲ. ಬಾಕ್ಸ್ ಕೆಟ್ಟು ಹೊಸದು ಬಂದರೆ ಹಳೆಯ ಸಂಗ್ರಹ ಇದ್ದೂ ಇಲ್ಲದಂತೆ. ಅದನ್ನು ಶಾಶ್ವತ ಸಂಗ್ರಹವೆಂದು ನಂಬಬೇಡಿ. ಮನೆಯ ಫೋಟೋ, ವೀಡಿಯೋಗಳನ್ನಂತೂ ಎರಡು ಪ್ರತಿ ಮಾಡಿ ಎರಡು ಕಡೆ ಇಡಿ, ಡಿಸ್ಕ್‌ನ ಮೇಲೆ ಹೆಸರು ಬರೆದು ಅಂಟಿಸಿ. ಹಿರಿಯರ ನೆನಪೂ ನಮ್ಮ ಕೈಯಲ್ಲಿರುವ ಅಮಾನತ್ತೇ.

ಕೊನೆಯದಾಗಿ ಒಂದು ಮಾತು. ಡಿಸ್ಕ್ ದೊಡ್ಡದಾದಷ್ಟೂ ರೆಕಾರ್ಡ್ ಆಗುವುದು ಹೆಚ್ಚುತ್ತದೆ, ನೋಡುವ ಸಮಯ ಹೆಚ್ಚುವುದಿಲ್ಲ. ಪವಿತ್ರ ಕುರ್‌ಆನ್‌ನ ಅಲ್ ಅಸ್ರ್ ಅಧ್ಯಾಯದಲ್ಲಿ ಅಲ್ಲಾಹನು ಕಾಲದ ಮೇಲೆಯೇ ಆಣೆ ಹಾಕಿದ್ದಾನೆ. ನಾದಿನಿ ಈಗ ಪ್ರತಿ ಶುಕ್ರವಾರ ಪಟ್ಟಿ ನೋಡಿ ಬೇಡದ್ದನ್ನು ಅಳಿಸುತ್ತಾಳೆ. ಅಳಿಸುವ ಮುನ್ನ ಎರಡು ಸಲ ಓದುತ್ತಾಳೆ.